ಸದಸ್ಯರ ಪಟ್ಟಿಯೂ ಯಂತ್ರಲಿಪಿಕಾರನೂ

ಪಟ್ಟಿಯೆಂಬುದು ವಿಮರ್ಶಕರ ದೃಷ್ಟಿಗೆ ಸಾಮಾನ್ಯವಾಗಿ ಬೀಳದ ಬರವಣಿಗೆ. ಅದರಲ್ಲಿ ರಸವಿಲ್ಲ, ಅಲಂಕಾರವಿಲ್ಲ. ಕರ್ತೃವಿನ ಹೆಸರೂ ಇರುವುದಿಲ್ಲ. ಆದರೂ ಸಂಘಸಂಸ್ಥೆಗಳ ನಿಬಂಧನೆಗಳೆಲ್ಲ ಕಟ್ಟಕಡೆಗೆ ಬಂದು ನಿಲ್ಲುವುದು ಒಂದು ಪಟ್ಟಿಯ ಮೇಲೆಯೇ. ಯಾರಿಗೆ ಮತವುಂಟು, ಯಾರಿಗೆ ಇಲ್ಲ. ಯಾರ ಒಪ್ಪಿಗೆಯಿಂದ ಕಾರ್ಯವು ಸಿಂಧುವಾಗುವುದು, ಯಾರ ಮಾತು ಕೇವಲ ಸಲಹೆಯಾಗಿ ಉಳಿಯುವುದು ಎಂಬುದನ್ನು ಆ ನೀರಸವಾದ ಹೆಸರುಗಳ ಸಾಲೇ ನಿರ್ಣಯಿಸುತ್ತದೆ. ಇಂಥ ಪಟ್ಟಿಯನ್ನು ತಿದ್ದುವ ಕೆಲಸವನ್ನು ಮನುಷ್ಯನ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸಿದಾಗ ಲಾಭವೇನು, ನಷ್ಟವೇನು ಎಂಬುದು ಪ್ರಕೃತ ಲೇಖನದ ವಿಚಾರ.

ಇದಕ್ಕೆ ಉತ್ತಮವಾದ ನಿದರ್ಶನಗಳು ದೊರೆಯುವುದು ಮುಕ್ತ ಆಕರ ತಂತ್ರಾಂಶದ ಸಮುದಾಯಗಳಲ್ಲಿ. ಗಣಕಯಂತ್ರಕ್ಕಾಗಿ ಬರೆದ ಕ್ರಮವಿಧಿಯ ಮೂಲಪಾಠವನ್ನು ಸರ್ವರಿಗೂ ತೆರೆದಿಟ್ಟು, ಯಾರು ಬೇಕಾದರೂ ಅದನ್ನು ಓದಿ, ತಿದ್ದಿ, ಹಂಚಬಹುದೆಂಬ ಅನುಮತಿಯೊಡನೆ ಪ್ರಕಟಿಸುವ ಪದ್ಧತಿಗೆ ಈ ಹೆಸರು. ಆದರೆ ಓದುವ ಹಕ್ಕು ಸರ್ವರಿಗೂ ಇದ್ದ ಮಾತ್ರಕ್ಕೆ ಮೂಲಪ್ರತಿಯಲ್ಲಿ ಬರೆಯುವ ಹಕ್ಕು ಸರ್ವರಿಗೂ ಇರುವುದಿಲ್ಲ. ಆ ಹಕ್ಕುಳ್ಳವರು ಸಮಿತಿಯ ಸದಸ್ಯರು. ಅವರಲ್ಲಿ ಬಹುಮಂದಿ ಬೇರೆಬೇರೆ ದೇಶಗಳಲ್ಲಿ ವಾಸಿಸತಕ್ಕವರು. ಒಬ್ಬರ ಮುಖವನ್ನೊಬ್ಬರು ಕಂಡವರೇ ಅಲ್ಲ. ಸಭಾಭವನದಲ್ಲಿ ಕುಳಿತವರನ್ನು ಕಣ್ಣಿನಿಂದ ಎಣಿಸಬಹುದು. ಇಲ್ಲಿ ಎಣಿಸುವುದಕ್ಕೆ ಪಟ್ಟಿಯೊಂದೇ ಗತಿ.

ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಮೊದಲು ನೋಡಬಹುದು. 1995ರಲ್ಲಿ ಒಂದು ವೆಬ್ ಸರ್ವರ್ ತಂತ್ರಾಂಶವನ್ನು ತಿದ್ದಿ ಬೆಳೆಸುವುದಕ್ಕಾಗಿ ಎಂಟು ಮಂದಿ ಕೂಡಿಕೊಂಡ ಗುಂಪು ಇದರ ಮೂಲ. 1999ರಲ್ಲಿ ಅಮೆರಿಕದ ಡೆಲಾವೇರ್ ಸಂಸ್ಥಾನದ ಕಾನೂನಿನಂತೆ ಅದು ಲಾಭರಹಿತ ಸಂಸ್ಥೆಯಾಗಿ ನೋಂದಾಯಿತವಾಯಿತು. ಇದರ ಪ್ರತಿಯೊಂದು ಯೋಜನೆಗೂ ಒಂದು ನಿರ್ವಹಣ ಸಮಿತಿಯುಂಟು. ಸಮಿತಿಯನ್ನು ನಿರ್ದೇಶಕ ಮಂಡಲಿಯು ನಿರ್ಣಯದ ಮೂಲಕ ಸ್ಥಾಪಿಸುತ್ತದೆ. ಸಮಿತಿಯ ಅಧ್ಯಕ್ಷನನ್ನು ನೇಮಿಸತಕ್ಕದ್ದೂ ಆ ಮಂಡಲಿಯೇ. ತಂತ್ರಾಂಶದ ಹೊಸ ಆವೃತ್ತಿಯೊಂದು ಸಂಸ್ಥೆಯ ಹೆಸರಿನಲ್ಲಿ ಹೊರಬೀಳಬೇಕಾದರೆ ಸಮಿತಿಯ ಸದಸ್ಯರ ಪೈಕಿ ಕನಿಷ್ಠ 3 ಮಂದಿಯ ಅನುಕೂಲ ಮತಗಳು ಬೇಕು. ಸದಸ್ಯರಲ್ಲದವರು ಎಷ್ಟು ಜನ ಮತ ಹಾಕಿದರೂ ಅವು ಅಭಿಪ್ರಾಯಗಳಾಗಿ ಉಳಿಯುವುವೇ ಹೊರತು ನಿರ್ಣಾಯಕವಾಗುವುದಿಲ್ಲ. ಹೀಗಿರಲು ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೆ, ಅಥವಾ ಇರಬಾರದ ಹೆಸರೊಂದು ಉಳಿದರೆ, ಆವೃತ್ತಿಯ ಸಿಂಧುತ್ವಕ್ಕೇ ಬಾಧೆ ತಟ್ಟಬಹುದು.

ಈ ಸಂಸ್ಥೆಯಲ್ಲಿ ಸಮಿತಿಗಳ ಸದಸ್ಯರ ಹೆಸರುಗಳನ್ನು ಒಂದು ಸರಳವಾದ ಪಠ್ಯಕಡತದಲ್ಲಿ ಬರೆದಿಟ್ಟಿದ್ದಾರೆ. ಪ್ರತಿಯೊಂದು ಸಾಲಿನಲ್ಲಿಯೂ ಸದಸ್ಯನ ಹೆಸರು, ಅವನ ಖಾತೆಯ ಗುರುತು, ಸೇರಿದ ದಿನಾಂಕ ಇರುತ್ತವೆ. ಸಬ್‌ವರ್ಷನ್ ಎಂಬ ಪಾಠಸಂರಕ್ಷಣ ವ್ಯವಸ್ಥೆಯಲ್ಲಿ ಈ ಕಡತವಿರುವುದರಿಂದ ಯಾವ ಅಕ್ಷರವನ್ನು ಯಾರು ಯಾವಾಗ ತಿದ್ದಿದರೆಂಬ ಚರಿತ್ರೆಯೂ ಉಳಿದುಬರುತ್ತದೆ. ಇದು ಪ್ರಮಾಣಗ್ರಂಥ. ಆದರೆ ಗಣಕಯಂತ್ರವು ಬಾಗಿಲು ತೆರೆಯುವಾಗ ಈ ಗ್ರಂಥವನ್ನು ಓದುವುದಿಲ್ಲ. ಅದು ನೋಡುವುದು ಎಲ್‌ಡ್ಯಾಪ್ ಎಂಬ ಬೇರೊಂದು ದಾಖಲೆಯನ್ನು. ಅದರಲ್ಲಿ ಹೆಸರಿದ್ದವರಿಗೆ ಪ್ರವೇಶ, ಇಲ್ಲದವರಿಗೆ ನಿಷೇಧ. ಹೀಗೆ ಒಂದೇ ಸಂಗತಿಗೆ ಎರಡು ಪ್ರತಿಗಳಾದವು. ಒಂದು ಸತ್ಯವನ್ನು ಹೇಳತಕ್ಕದ್ದು. ಮತ್ತೊಂದು ಅಧಿಕಾರವನ್ನು ಕೊಡತಕ್ಕದ್ದು.

ಪ್ರಾಚೀನ ಗ್ರಂಥಗಳ ಓಲೆಗಳನ್ನು ತಾಳೆ ನೋಡಿ ಬಲ್ಲವರಿಗೆ ಮುಂದಿನ ಕಥೆಯನ್ನು ಹೇಳಬೇಕಾದುದಿಲ್ಲ. ಎರಡು ಪ್ರತಿಗಳಿದ್ದ ಕಡೆ ಪಾಠಾಂತರಗಳು ಹುಟ್ಟಿಯೇ ಹುಟ್ಟುತ್ತವೆ. ಅಧ್ಯಕ್ಷನಾದವನು ಕಡತವನ್ನು ಕೈಯಿಂದ ತಿದ್ದಿ, ಬಳಿಕ ಎಲ್‌ಡ್ಯಾಪಿನ ಗುಂಪನ್ನು ಬೇರೆಯಾಗಿ ತಿದ್ದಬೇಕಾಗಿದ್ದ ಕಾಲದಲ್ಲಿ, ಒಂದು ಕೆಲಸ ಮುಗಿಸಿ ಮತ್ತೊಂದನ್ನು ಮರೆಯುವುದು ಸಹಜ. ಆಗ ಗ್ರಂಥದಲ್ಲಿ ಸದಸ್ಯನೆನಿಸಿಕೊಂಡವನಿಗೆ ಬಾಗಿಲು ತೆರೆಯದು. ಗ್ರಂಥದಿಂದ ಹೆಸರು ಅಳಿದವನಿಗೆ ಬಾಗಿಲು ಮುಚ್ಚದು. ಇವೆರಡರಲ್ಲಿ ಮೊದಲನೆಯ ದೋಷವು ಆ ದಿನವೇ ಬಯಲಾಗುತ್ತದೆ, ಏಕೆಂದರೆ ತಡೆಯಲ್ಪಟ್ಟವನು ಬಂದು ಕೇಳುತ್ತಾನೆ. ಎರಡನೆಯದು ವರ್ಷಗಟ್ಟಲೆ ಮಲಗಿರಬಹುದು. ತೆರೆದ ಬಾಗಿಲನ್ನು ಕುರಿತು ದೂರು ಹೇಳುವವರು ಯಾರೂ ಇಲ್ಲ.

ಈ ದೋಷಗಳ ಪರಿಹಾರಕ್ಕೆ ಸಂಸ್ಥೆಯಲ್ಲಿಯೇ ಬೆಳೆದ ಸಾಧನ ವಿಮ್ಸಿ. 2015ರಲ್ಲಿ ಇದು ಸ್ವತಂತ್ರ ಯೋಜನೆಯ ಪದವಿಯನ್ನು ಪಡೆಯಿತು. ಲಹರಿ, ಚಪಲ ಎಂಬ ಅರ್ಥದ ಹೆಸರನ್ನು ಹೊತ್ತಿದ್ದರೂ ಇದರ ಕೆಲಸವು ಕಟ್ಟುನಿಟ್ಟಾದ ಕರಣಿಕನದು. ಅಧಿಕಾರವುಳ್ಳ ಸದಸ್ಯನು ಸಮಿತಿಯ ಪುಟದಲ್ಲಿ ಹೊಸಬನ ಹೆಸರನ್ನು ಸೇರಿಸಿದರೆ ಅದು ಪಠ್ಯಕಡತವನ್ನೂ ಎಲ್‌ಡ್ಯಾಪನ್ನೂ ಒಟ್ಟಿಗೆ ತಿದ್ದುತ್ತದೆ. ಎರಡಕ್ಕೂ ಭೇದ ಕಂಡಲ್ಲಿ ಅದನ್ನು ಎತ್ತಿ ತೋರಿಸುತ್ತದೆ. ಈ ಎರಡನೆಯ ಗುಣವೇ ಹೆಚ್ಚು ಪ್ರಶಂಸೆಗೆ ಅರ್ಹವಾದುದು. ಪಾಠಾಂತರವನ್ನು ಕಂಡೊಡನೆ ತನಗೆ ತೋರಿದಂತೆ ತಿದ್ದಿಬಿಡುವ ಲಿಪಿಕಾರನಿಂದ ಗ್ರಂಥಕ್ಕೆ ಹಾನಿ. ಭೇದವನ್ನು ಗುರುತಿಸಿ, ನಿರ್ಣಯವನ್ನು ಬಲ್ಲವರಿಗೆ ಬಿಡುವವನು ಒಳ್ಳೆಯ ಲಿಪಿಕಾರ.

ಆದರೆ ಸದಸ್ಯನನ್ನು ಸೇರಿಸುವ ಕ್ರಮದಲ್ಲಿ ಬರವಣಿಗೆಯು ಕೊನೆಯ ಹೆಜ್ಜೆ ಮಾತ್ರ. ಬಹುಕಾಲ ನಡೆದುಬಂದ ಪದ್ಧತಿಯಂತೆ ಮೊದಲು ಸಮಿತಿಯು ಖಾಸಗಿಯಾಗಿ ಚರ್ಚಿಸಿ ಮತ ಹಾಕುತ್ತದೆ. ಬಳಿಕ ನಿರ್ದೇಶಕ ಮಂಡಲಿಗೆ ಸೂಚನೆ ಹೋಗುತ್ತದೆ. ಆ ಮೇಲೆ 72 ಗಂಟೆಗಳ ಕಾಲ ಕಾಯುತ್ತಾರೆ. ಯಾರೂ ಆಕ್ಷೇಪಿಸದಿದ್ದರೆ ಹೆಸರು ಸೇರುತ್ತದೆ. ಈ ಕ್ರಮದಲ್ಲಿ ಯಂತ್ರವು ಮಾಡಬಲ್ಲ ಕೆಲಸಗಳು ಅನೇಕ. ಮತಗಳನ್ನು ಕೂಡಬಹುದು, ಸೂಚನಾಪತ್ರವನ್ನು ಸಿದ್ಧಪಡಿಸಬಹುದು, ಕೃತಿಯ ಬಳಕೆಗೆ ಅನುಮತಿ ಕೊಡುವ ಒಪ್ಪಂದಕ್ಕೆ ಹೊಸಬನು ಸಹಿ ಹಾಕಿದ್ದಾನೆಯೇ ಎಂದು ನೋಡಬಹುದು, 72 ಗಂಟೆಗಳನ್ನು ನಿಮಿಷ ತಪ್ಪದಂತೆ ಅಳೆಯಬಹುದು. ಹೀಗೆಲ್ಲ ಅಳೆದ ಮೇಲೆ ಹೆಸರನ್ನು ತಾನೇ ಸೇರಿಸಿಬಿಟ್ಟರೆ ಏನು ತಪ್ಪು ಎಂದು ಕೇಳುವವರುಂಟು.

ತಪ್ಪಿರುವುದು ಮೌನದ ಅರ್ಥದಲ್ಲಿ. ಮೂರು ದಿನಗಳ ಅವಧಿಯನ್ನು ಇಟ್ಟುದು ಸೂಚನೆಯನ್ನು ಯಾರಾದರೂ ಓದಲಿ ಎಂಬ ಉದ್ದೇಶದಿಂದ. ಓದಿ ಸುಮ್ಮನಿದ್ದ ಮೌನವು ಸಮ್ಮತಿ. ಓದದೆ ಇದ್ದ ಮೌನವು ಶೂನ್ಯ. ಯಂತ್ರಕ್ಕೆ ಇವೆರಡೂ ಒಂದೇ. ಅಧ್ಯಕ್ಷನು ತನ್ನ ಕೈಯಿಂದ ಕೊನೆಯ ಗುಂಡಿಯನ್ನು ಒತ್ತಬೇಕಾದಾಗ ಅವನು ಒಂದು ಕ್ಷಣವಾದರೂ ನಿಂತು, ಯಾರಾದರೂ ಏನಾದರೂ ಹೇಳಿದ್ದಾರೆಯೇ ಎಂದು ನೋಡುತ್ತಾನೆ. ತಪ್ಪಾದರೆ ಹೊಣೆ ಹೊರುತ್ತಾನೆ. ಆ ಕ್ಷಣವನ್ನು ಉಳಿಸಲು ತಗಲುವ ಶ್ರಮ ಅಲ್ಪ. ಅದನ್ನು ಕಳೆದುಕೊಂಡರೆ ಆಗುವ ನಷ್ಟ ಅಲ್ಪವಲ್ಲ. ವಿಮ್ಸಿಯು ಬರವಣಿಗೆಯನ್ನು ಮಾತ್ರ ತನ್ನ ಪಾಲಿಗೆ ಇಟ್ಟುಕೊಂಡು ಈ ಕ್ಷಣವನ್ನು ಮನುಷ್ಯನಿಗೆ ಬಿಟ್ಟಿರುವುದು ವಿವೇಕದ ಮಾತು.

ಇದಕ್ಕಿಂತ ದೂರ ಹೋದ ಪದ್ಧತಿಯನ್ನು ಕುಬರ್ನೆಟೀಸ್ ಯೋಜನೆಯಲ್ಲಿ ಕಾಣಬಹುದು. 2014ರಲ್ಲಿ ಪ್ರಕಟವಾದ ಈ ತಂತ್ರಾಂಶದ ಸಮುದಾಯವು ಗಿಟ್‌ಹಬ್ ಎಂಬ ನೆಲೆಯಲ್ಲಿ ಕೆಲಸ ಮಾಡುತ್ತದೆ. ಸದಸ್ಯತ್ವ ಬೇಕಾದವನಿಗೆ ಇಬ್ಬರು ಪ್ರತಿಪಾದಕರು ಬೇಕು. ಒಪ್ಪಿಗೆಯಾದ ಬಳಿಕ ಅವನ ಹೆಸರನ್ನು ಒಂದು ಬಹಿರಂಗ ಕಡತದಲ್ಲಿ ಸೇರಿಸುತ್ತಾರೆ. ಆ ಮೇಲೆ ಪೆರಿಬೊಲೊಸ್ ಎಂಬ ಕ್ರಮವಿಧಿಯು ಕಡತವನ್ನು ಓದಿ, ಗಿಟ್‌ಹಬ್‌ನಲ್ಲಿರುವ ಸದಸ್ಯತ್ವವನ್ನು ಅದಕ್ಕೆ ಸರಿಹೊಂದಿಸುತ್ತದೆ. ಪೆರಿಬೊಲೊಸ್ ಎಂದರೆ ಗ್ರೀಕ್ ಭಾಷೆಯಲ್ಲಿ ದೇವಾಲಯದ ಸುತ್ತಣ ಪ್ರಾಕಾರ. ಹೆಸರು ಔಚಿತ್ಯದಿಂದ ಕೂಡಿದೆ. ಕಡತದಲ್ಲಿ ಇದ್ದು ನೆಲೆಯಲ್ಲಿ ಇಲ್ಲದವನಿಗೆ ಆಹ್ವಾನ ಹೋಗುತ್ತದೆ. ನೆಲೆಯಲ್ಲಿ ಇದ್ದು ಕಡತದಲ್ಲಿ ಇಲ್ಲದವನು ಹೊರಬೀಳುತ್ತಾನೆ.

ಇಲ್ಲಿ ಯಂತ್ರವು ಭೇದವನ್ನು ತೋರಿಸಿ ನಿಲ್ಲುವುದಿಲ್ಲ. ಕಡತವೇ ಸರಿಯೆಂದು ಗ್ರಹಿಸಿ ಇನ್ನೊಂದನ್ನು ಅದರಂತೆ ಮಾಡುತ್ತದೆ. ಇದರ ಗುಣವನ್ನು ಮೊದಲು ಹೇಳಬೇಕು. ಪ್ರಮಾಣಪ್ರತಿ ಯಾವುದೆಂಬ ಸಂದೇಹವೇ ಇಲ್ಲಿ ಏಳದು. ಯಾರು ಯಾರನ್ನು ಏಕೆ ಸೇರಿಸಿದರೆಂಬುದು ಎಲ್ಲರ ಕಣ್ಣೆದುರಿನಲ್ಲಿಯೇ ಇರುತ್ತದೆ. ಬೀಗದ ಕೈಯುಳ್ಳ ಒಬ್ಬ ಅಧಿಕಾರಿಯು ಗುಟ್ಟಾಗಿ ತನ್ನವನನ್ನು ಒಳಗೆ ಸೇರಿಸಿಕೊಂಡರೂ ಯಂತ್ರದ ಮುಂದಿನ ಸುತ್ತಿನಲ್ಲಿ ಆ ಪ್ರಕ್ಷಿಪ್ತವು ಅಳಿದುಹೋಗುತ್ತದೆ. ದೋಷವೂ ಈ ಗುಣದೊಳಗೇ ಅಡಗಿದೆ. ಕಡತವೇ ಅಕಸ್ಮಾತ್ ಕೆಟ್ಟರೆ, ಎಂದರೆ ತಿದ್ದುವವನ ಅಜಾಗ್ರತೆಯಿಂದ ನೂರು ಸಾಲುಗಳು ಬಿಟ್ಟುಹೋದರೆ, ಯಂತ್ರವು ಆ ನೂರು ಮಂದಿಯನ್ನೂ ನಿಷ್ಠೆಯಿಂದ ಹೊರಗೆ ಕಳುಹಿಸುತ್ತದೆ. ಮನುಷ್ಯನಾದ ಕರಣಿಕನು ಹತ್ತನೆಯ ಹೆಸರಿಗೆ ಬಂದಾಗಲೇ ಕೈ ತಡೆದು ವಿಚಾರಿಸುತ್ತಿದ್ದನು.

ಪೆರಿಬೊಲೊಸಿನ ಕರ್ತೃಗಳು ಇದನ್ನು ಅರಿಯದವರಲ್ಲ. ಸ್ಪಷ್ಟವಾದ ದೃಢೀಕರಣವಿಲ್ಲದೆ ಅದು ಏನನ್ನೂ ಬದಲಿಸದು. ಮಾಡಬೇಕಾದುದನ್ನು ಹೇಳಿ ಸುಮ್ಮನಾಗುತ್ತದೆ. ಸಾಧಾರಣ ವ್ಯವಸ್ಥೆಯಲ್ಲಿ ಒಂದೇ ಸಲಕ್ಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಸದಸ್ಯರನ್ನು ತೆಗೆಯಬೇಕಾಗಿ ಬಂದರೆ ಅದು ಕೆಲಸವನ್ನೇ ನಿರಾಕರಿಸುತ್ತದೆ; ಆಡಳಿತಾಧಿಕಾರಿಗಳ ಸಂಖ್ಯೆ 5ಕ್ಕಿಂತ ಕಡಮೆಯಾದರೂ ನಿರಾಕರಿಸುತ್ತದೆ. ಇವು ಕಾರ್ಯವಿಧಾನದ ಸಣ್ಣ ಸಂಗತಿಗಳಂತೆ ಕಂಡರೂ ಇಡೀ ಕೃತಿಯ ಮರ್ಮವು ಇಲ್ಲಿದೆ. ಕರಣಿಕನ ಅನುಮಾನವನ್ನು ಅಂಕಿಯಾಗಿ ಬರೆದು ಯಂತ್ರಕ್ಕೆ ಕಲಿಸಿದ್ದಾರೆ. ಆದರೆ ಅಂಕಿಗೆ ಎಲ್ಲೆಯುಂಟು: ಕಾಲುಭಾಗದಷ್ಟು ಸದಸ್ಯರ ಅನ್ಯಾಯವನ್ನು ತಡೆಯುವ ಈ ಕಾವಲು ಒಬ್ಬನೇ ಸದಸ್ಯನ ಅನ್ಯಾಯವನ್ನು ಕಾಣಲಾರದು.

ಆ ಒಬ್ಬನೇ ಸದಸ್ಯನ ವಿಷಯಕ್ಕೆ ಬರುವುದಾದರೆ, ಪಟ್ಟಿಯಿಂದ ಹೆಸರು ತೆಗೆಯುವುದೇ ಈ ಎಲ್ಲ ವ್ಯವಸ್ಥೆಗಳ ನಿಜವಾದ ಪರೀಕ್ಷೆ. ಸೇರಿಸುವುದಕ್ಕೆ ಮತವಾದರೂ ಬೇಕು. ತೆಗೆಯುವುದಕ್ಕೆ ಮೌನವೇ ಸಾಕಾಗುವ ಸಂಭವವುಂಟು. ಕುಬರ್ನೆಟೀಸಿನ ನಿಯಮದಂತೆ 12 ತಿಂಗಳ ಕಾಲ ಯಾವ ಕೊಡುಗೆಯನ್ನೂ ಕೊಡದವನು ನಿಷ್ಕ್ರಿಯನು. ಡೆವ್‌ಸ್ಟ್ಯಾಟ್ಸ್ ಎಂಬ ಎಣಿಕೆಯ ಸಾಧನವು ಇದಕ್ಕೆ ಆಧಾರ. ಆದರೆ ಎಣಿಕೆಗೆ ಸಿಕ್ಕುವುದು ನೆಲೆಯಲ್ಲಿ ಗುರುತು ಬಿಟ್ಟ ಕೆಲಸ ಮಾತ್ರ. ಹೊಸಬರಿಗೆ ಪಾಠ ಹೇಳಿದವನು, ಸಭೆಗಳನ್ನು ಏರ್ಪಡಿಸಿದವನು, ಜಗಳಗಳನ್ನು ಬಿಡಿಸಿದವನು ಆ ಲೆಕ್ಕದಲ್ಲಿ ಶೂನ್ಯನು. ನಿಯಮವು ಈ ಕೊರತೆಯನ್ನು ತಾನೇ ಒಪ್ಪಿಕೊಂಡು, ಹಾಗೆ ತಪ್ಪಾಗಿ ಹೊರಬಿದ್ದವರು ಕೇಳಿಕೊಂಡರೆ ಬೇಗನೆ ಮರಳಿ ಸೇರಿಸಲಾಗುವುದೆಂದು ಹೇಳುತ್ತದೆ. ಒಪ್ಪಿಕೊಂಡುದು ಪ್ರಾಮಾಣಿಕತೆ. ಆದರೆ ಮೊದಲು ಹೊರಗೆ ಕಳುಹಿಸಿ ಆಮೇಲೆ ಅರ್ಜಿಯನ್ನು ನಿರೀಕ್ಷಿಸುವ ಈ ಕ್ರಮದಲ್ಲಿ ಪ್ರಮಾಣದ ಭಾರವು ಸಂಸ್ಥೆಯಿಂದ ಸೇವೆ ಮಾಡಿದವನ ಹೆಗಲಿಗೆ ಜಾರುತ್ತದೆ. ಮಾನಿಯಾದವನು ಅರ್ಜಿ ಹಾಕುವುದಿಲ್ಲ. ಸಂಸ್ಥೆಗೆ ತಾನು ಯಾರನ್ನು ಕಳೆದುಕೊಂಡೆನೆಂಬುದೇ ತಿಳಿಯುವುದಿಲ್ಲ.

ಇದಕ್ಕೆ ಎದುರಾಗಿ ಪೈಥಾನ್ ಭಾಷೆಯ ಸಮುದಾಯದ ಆಡಳಿತಪತ್ರವನ್ನು ಇಟ್ಟು ನೋಡಬಹುದು. 2018ರಲ್ಲಿ ಆ ಭಾಷೆಯ ಕರ್ತೃವು ನಾಯಕತ್ವವನ್ನು ಬಿಟ್ಟ ತರುವಾಯ 5 ಮಂದಿಯ ಮಾರ್ಗದರ್ಶಕ ಸಮಿತಿಯ ಪದ್ಧತಿಯನ್ನು ಅಲ್ಲಿನ ಸದಸ್ಯರು ಮತದಿಂದ ಆರಿಸಿಕೊಂಡರು. ಆ ಪತ್ರದ ಪ್ರಕಾರ 2 ವರ್ಷಗಳ ಕಾಲ ಗಣನೀಯವಾದ ಕೆಲಸ ಮಾಡದ ಸದಸ್ಯನನ್ನು ನಿಷ್ಕ್ರಿಯರ ವರ್ಗಕ್ಕೆ ಸರಿಯುವಂತೆ ಕೇಳಬಹುದು. ಉತ್ತರ ಬಾರದಿದ್ದರೆ ಸರಿಸಬಹುದು. ಆದರೆ ಅವನ ಹೆಸರು ಇತರರ ಹೆಸರುಗಳೊಡನೆ ಗೌರವಪೂರ್ವಕವಾಗಿ ಉಳಿಯುತ್ತದೆ; ಮತ್ತೆ ಕೆಲಸಕ್ಕೆ ತೊಡಗಿದರೆ ಸ್ವಇಚ್ಛೆಯಿಂದ ಮರಳಬಹುದು. ಅವಧಿಯ ದೀರ್ಘತೆಗಿಂತ ಕ್ರಿಯೆಗಳ ಅನುಕ್ರಮವೇ ಇಲ್ಲಿ ಮುಖ್ಯ: ಮೊದಲು ಪ್ರಶ್ನೆ, ಬಳಿಕ ಕ್ರಿಯೆ. ಯಂತ್ರವು ಈ ಪ್ರಶ್ನೆಯನ್ನು ಕಳುಹಿಸಬಲ್ಲದು. ಅದರಿಂದ ಯಾವ ಹಾನಿಯೂ ಇಲ್ಲ. ಬಂದ ಉತ್ತರವನ್ನು ಮನುಷ್ಯನೊಬ್ಬನು ಓದಬೇಕು, ಅಷ್ಟೆ.

ಅಪಾಚೆಯ ಪದ್ಧತಿಯು ಈ ವಿಷಯದಲ್ಲಿ ಇನ್ನೊಂದು ಕೊನೆಯಲ್ಲಿದೆ. ಗಳಿಸಿದ ಯೋಗ್ಯತೆಯು ಕಾಲದಿಂದ ಸವೆಯದೆಂಬುದು ಅಲ್ಲಿನ ತತ್ತ್ವ. ಸದಸ್ಯನು ತಾನಾಗಿ ರಾಜೀನಾಮೆ ಕೊಡಬಹುದು. ಅವನ ಇಚ್ಛೆಗೆ ವಿರೋಧವಾಗಿ ತೆಗೆಯುವ ಅಧಿಕಾರ ಸಮಿತಿಗೂ ಇಲ್ಲ, ನಿರ್ದೇಶಕ ಮಂಡಲಿಗೆ ಮಾತ್ರ ಉಂಟು. ಇದು ಉದಾರವಾದ ತತ್ತ್ವವೇ. ಆದರೆ ಇಂಥ ಪಟ್ಟಿಯನ್ನು ಓದಿ ಇಂದು ಯಾರು ಕೆಲಸಕ್ಕೆ ಒದಗುವರೆಂಬುದನ್ನು ತಿಳಿಯಲಾಗದು. ಇಪ್ಪತ್ತು ಹೆಸರುಗಳಿರುವ ಸಮಿತಿಯಲ್ಲಿ ಆವೃತ್ತಿಗೆ ಬೇಕಾದ ಮೂರು ಮತಗಳು ಸಿಕ್ಕದೆ ಹೋಗುವ ಪರಿಸ್ಥಿತಿ ಅಸಂಭವವಲ್ಲ. ಗೌರವವನ್ನೂ ಅಧಿಕಾರವನ್ನೂ ಒಂದೇ ಸಾಲಿನಲ್ಲಿ ಬರೆದುದರಿಂದ ಬಂದ ತೊಡಕು ಇದು. ಅದನ್ನು ಯಾವ ಲಿಪಿಕಾರನೂ, ಅವನು ಯಂತ್ರವಾಗಿದ್ದರೂ, ಬಿಡಿಸಲಾರನು.

ಇವೆರಡನ್ನೂ ಬೇರ್ಪಡಿಸಿದ ನಿದರ್ಶನ ಡೆಬಿಯನ್. 1993ರಲ್ಲಿ ಆರಂಭವಾಗಿ 1998ರಲ್ಲಿ ತನ್ನ ಸಂವಿಧಾನವನ್ನು ಅಂಗೀಕರಿಸಿದ ಈ ಸಮುದಾಯದಲ್ಲಿ ಸದಸ್ಯತ್ವದ ಕುರುಹು ಒಂದು ಗೂಢಲಿಪಿಯ ಕೀಲಿ. ಕೀಲಿಗಳ ಗೊಂಚಲಿನಲ್ಲಿ ಅವನ ಕೀಲಿಯಿದ್ದರೆ ಮತವುಂಟು, ತಂತ್ರಾಂಶವನ್ನು ಏರಿಸುವ ಅಧಿಕಾರವುಂಟು. ನಿವೃತ್ತರ ಕೀಲಿಗಳಿಗೆ ಬೇರೆ ಗೊಂಚಲುಂಟು; ಸುಮ್ಮನಾದವರನ್ನು ಹುಡುಕಿ ಕ್ಷೇಮಸಮಾಚಾರ ಕೇಳುವ ತಂಡವೂ ಉಂಟು. 2015ರ ಆರಂಭದಲ್ಲಿ, 2048 ಬಿಟ್‌ಗಿಂತ ಚಿಕ್ಕವಾದ ಹಳೆಯ ಕೀಲಿಗಳನ್ನು ದುರ್ಬಲವೆಂದು ಎಣಿಸಿ ಒಮ್ಮೆಗೇ ತೆಗೆದುಹಾಕಿದರು. ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಕೀಲಿ ಹೋದವನು ಇತರ ಸದಸ್ಯರ ಸಹಿಯುಳ್ಳ ಹೊಸ ಕೀಲಿಯನ್ನು ತಂದು ಮರಳಿ ಸೇರಬಹುದಾಗಿತ್ತು. ಯಾಂತ್ರಿಕವಾದ ನಿಯಮವು ಇಲ್ಲಿ ಯಾಂತ್ರಿಕವಾದ ವಸ್ತುವಿಗೆ ಅನ್ವಯಿಸಿತು. ಕೀಲಿಯ ಉದ್ದವನ್ನು ಯಂತ್ರವು ಅಳೆಯಬಲ್ಲದು. ಮನುಷ್ಯನ ಯೋಗ್ಯತೆಯನ್ನು ಅಳೆಯುವ ಗೋಜಿಗೆ ಅದು ಹೋಗಲಿಲ್ಲ. ಆದುದರಿಂದ ಆ ಕ್ರಮವು ಕಠಿನವಾಗಿದ್ದರೂ ಅನ್ಯಾಯವಾಗಲಿಲ್ಲ.

ಯಂತ್ರದ ಪಕ್ಷದಲ್ಲಿ ಬಲವಾದ ವಾದವೊಂದುಂಟು. ಮನುಷ್ಯನ ವಿವೇಕವೆಂದು ಹೊಗಳುವ ವಸ್ತುವಿನ ಬೆನ್ನಿಗೆ ಪಕ್ಷಪಾತ, ಆಲಸ್ಯ, ದಾಕ್ಷಿಣ್ಯಗಳೂ ಬರುತ್ತವೆ. ಯಂತ್ರಕ್ಕೆ ಬಂಧುವೂ ಇಲ್ಲ, ಶತ್ರುವೂ ಇಲ್ಲ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ಸ್ನೇಹಿತನ ಹೆಸರನ್ನು ಅಳಿಸಲಾರದೆ ಅಧ್ಯಕ್ಷನು ವರ್ಷಗಳನ್ನು ಕಳೆಯಬಹುದು. ಆದರೆ ಯಂತ್ರವು ನಿಷ್ಪಕ್ಷಪಾತಿಯೆಂಬ ಮಾತು ಅರ್ಧಸತ್ಯ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕೆಂದು ಮೊದಲೇ ತೀರ್ಮಾನಿಸಿದವನು ಒಬ್ಬ ಮನುಷ್ಯ. ಅವನ ಪಕ್ಷಪಾತವು ಯಂತ್ರದೊಳಗೆ ಸೇರಿ, ಪ್ರಶ್ನಿಸಲು ಎದುರಿಗೆ ಯಾರೂ ಇಲ್ಲದಂತಾಗುತ್ತದೆ. ಅಧ್ಯಕ್ಷನ ದಾಕ್ಷಿಣ್ಯವನ್ನು ಸಭೆಯಲ್ಲಿ ಆಕ್ಷೇಪಿಸಬಹುದು; ಎಣಿಕೆಯ ದೋಷವನ್ನು ಆಕ್ಷೇಪಿಸುವುದಕ್ಕೆ ಮೊದಲು ಅದನ್ನು ಕಂಡುಹಿಡಿಯಬೇಕು.

ಪಟ್ಟಿಯ ಗಾಂಭೀರ್ಯವನ್ನು ಸಂದೇಹಿಸುವವರಿಗೆ 2024ರ ಎಕ್ಸ್‌ಜಡ್ ಪ್ರಕರಣವು ಸಾಕ್ಷಿ. ದತ್ತಾಂಶವನ್ನು ಅಡಕಮಾಡುವ, ಅಸಂಖ್ಯ ಗಣಕಯಂತ್ರಗಳಲ್ಲಿ ನೆಲೆಸಿರುವ ಆ ಸಣ್ಣ ತಂತ್ರಾಂಶದಲ್ಲಿ ಸುಮಾರು 2 ವರ್ಷಗಳ ಕಾಲ ತಾಳ್ಮೆಯಿಂದ ಕೆಲಸ ಮಾಡಿ ವಿಶ್ವಾಸವನ್ನು ಗಳಿಸಿದ, ಜಿಯಾ ತಾನ್ ಎಂಬ ಹೆಸರಿನ ಖಾತೆಯೊಂದು ಗುಪ್ತದ್ವಾರವನ್ನು ಹುದುಗಿಸಿತು. ದೂರಪ್ರವೇಶವು ಅರ್ಧ ಸೆಕೆಂಡಿನಷ್ಟು ನಿಧಾನವಾಯಿತೇಕೆಂದು ಕುತೂಹಲಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ತಜ್ಞರು ಮಾರ್ಚ್ 29ರಂದು ಅದನ್ನು ಬಯಲುಮಾಡಿದರು. ಈ ಪ್ರಕರಣದಲ್ಲಿ ಎರಡು ಪಟ್ಟಿಗಳ ಭೇದವೂ ಇರಲಿಲ್ಲ, ಲಿಪಿಕಾರನ ಪ್ರಮಾದವೂ ಇರಲಿಲ್ಲ. ಹೆಸರು ಸರಿಯಾಗಿಯೇ ಸೇರಿತ್ತು. ಕೊಡುಗೆಗಳ ಎಣಿಕೆಯೂ ಉತ್ತಮವಾಗಿತ್ತು. ಯಾವ ವಿಮ್ಸಿಯೂ ಯಾವ ಪೆರಿಬೊಲೊಸೂ ಇಲ್ಲಿ ದೋಷವನ್ನು ಕಾಣುತ್ತಿರಲಿಲ್ಲ. ಒಂಟಿಯಾಗಿ ದುಡಿದು ಬಳಲಿದ ನಿರ್ವಾಹಕನಿಗೆ ಜೊತೆಯಾಗಿ ನಿಂತು ಹೊಸಬನನ್ನು ಪರಿಚಯಮಾಡಿಕೊಳ್ಳಬಲ್ಲ ಮನುಷ್ಯರ ಸಮಿತಿಯೇ ಅಲ್ಲಿ ಇರಲಿಲ್ಲ. ಇಲ್ಲದ ಸಮಿತಿಗೆ ನಿರ್ದುಷ್ಟವಾದ ಪಟ್ಟಿಯಿಂದ ಏನು ಪ್ರಯೋಜನ?

ಈ ಪರಿಶೀಲನೆಯಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಪ್ರಮಾಣಪ್ರತಿಯು ಒಂದೇ ಇರಬೇಕು, ಮತ್ತು ಅದು ಮನುಷ್ಯರು ಓದಬಲ್ಲ, ಚರಿತ್ರೆಯುಳ್ಳ ಬರಹವಾಗಿರಬೇಕು; ಉಳಿದ ಪ್ರತಿಗಳನ್ನೆಲ್ಲ ಅದರಂತೆ ಎತ್ತಿ ಬರೆಯುವ ಕೆಲಸವನ್ನು ಯಂತ್ರಕ್ಕೆ ನಿಶ್ಶಂಕೆಯಾಗಿ ಒಪ್ಪಿಸಬಹುದು. ಗೌರವದ ಪಟ್ಟಿಯೂ ಅಧಿಕಾರದ ಪಟ್ಟಿಯೂ ಬೇರೆಬೇರೆಯಾಗಿರಬೇಕು. ಆಗ ಅಧಿಕಾರವನ್ನು ಹಿಂದಕ್ಕೆ ಪಡೆಯುವುದು ಅವಮಾನವೆನಿಸುವುದಿಲ್ಲ. ಪ್ರಮಾಣಪ್ರತಿಯಿಂದ ಜೀವಂತ ಮನುಷ್ಯನೊಬ್ಬನ ಹೆಸರನ್ನು ಸರಿಸುವ ಮೊದಲು ಮತ್ತೊಬ್ಬ ಮನುಷ್ಯನು ಅವನನ್ನು ಕೇಳಿರಬೇಕು, ಮತ್ತು ಕೇಳಿದವನ ಹೆಸರು ಆ ತಿದ್ದುಪಡಿಯ ಪಕ್ಕದಲ್ಲಿ ಉಳಿದಿರಬೇಕು. ಅಪಾಚೆಯಲ್ಲಿ ಮೊದಲನೆಯದು, ಡೆಬಿಯನ್ನಿನಲ್ಲಿ ಎರಡನೆಯದು, ಪೈಥಾನಿನ ಪತ್ರದಲ್ಲಿ ಮೂರನೆಯದರ ಪೂರ್ವಾರ್ಧ ಕಾಣಬರುತ್ತವೆ. ಮೂರನ್ನೂ ಕೂಡಿಸಿ ಬರೆಯುವುದಕ್ಕೆ ಯಂತ್ರದ ಕಡೆಯಿಂದ ಯಾವ ಅಡ್ಡಿಯೂ ಇಲ್ಲ. ಬೇಕಾಗಿರುವುದು ಸಮಿತಿಗಳ ಸಂಕಲ್ಪ.